ಇಂದ್ರನ ಅನುಮಾನ

1893ರ ಫೆಬ್ರವರಿಯಲ್ಲಿ, ಇನ್ನೂ ಅಮೆರಿಕದ ಹಡಗು ಹತ್ತದ ಮೂವತ್ತರ ಹರೆಯದ ವಿವೇಕಾನಂದರು ಸುಮಾರು ಒಂದು ವಾರ ಹೈದರಾಬಾದಿನಲ್ಲಿದ್ದರು. 13ರಂದು ಸಿಕಂದರಾಬಾದಿನ ಮೆಹಬೂಬ್ ಕಾಲೇಜಿನಲ್ಲಿ ಅವರು ಮಾಡಿದ ಭಾಷಣವನ್ನು ಈ ಊರು ಇಂದಿಗೂ ನೆನೆಯುತ್ತದೆ. ನನ್ನನ್ನು ಅದಕ್ಕಿಂತ ಹೆಚ್ಚು ಕಾಡಿದ್ದು, ಏಳು ವರ್ಷದ ಮೇಲೆ ಲಾಸ್ ಏಂಜಲೀಸಿನಲ್ಲಿ ಅವರು ಹೇಳಿದ ಇದೇ ಊರಿನ ಇನ್ನೊಂದು ಪ್ರಸಂಗ. ವ್ಯಾಪಾರ ಮಾಡಿಕೊಂಡಿದ್ದ ಬ್ರಾಹ್ಮಣನೊಬ್ಬ ಜ್ವರ ಹೊತ್ತು ಬಂದು, ತಲೆಯ ಮೇಲೆ ಕೈಯಿಡಿ ಎಂದು ಬೇಡಿದ. ನಿನ್ನ ವಿದ್ಯೆ ತೋರಿಸುವುದಾದರೆ ಸರಿ ಎಂದು ಇವರು ಕೈಯಿಟ್ಟರು. ಆಮೇಲೆ ಆತ ಮಾತು ಉಳಿಸಿಕೊಳ್ಳಲು ಬಂದ. ಸೊಂಟದ ತುಂಡುಬಟ್ಟೆಯೊಂದನ್ನು ಬಿಟ್ಟು ಉಳಿದದ್ದೆಲ್ಲ ತೆಗೆಸಿ, ತಮ್ಮದೇ ಕಂಬಳಿ ಹೊದಿಸಿ ಮೂಲೆಯಲ್ಲಿ ಕೂರಿಸಿದರು. ಇಪ್ಪತ್ತೈದು ಜನ ನೋಡುತ್ತಿದ್ದಂತೆ ಆ ಕಂಬಳಿಯೊಳಗಿಂದ ದ್ರಾಕ್ಷಿ ಬಂತು, ಕಿತ್ತಳೆ ಬಂತು, ಕಡೆಗೆ ಇಬ್ಬನಿಯಾರದ ಗುಲಾಬಿಗಳೂ ಬಂದವು.

ವಿವೇಕಾನಂದರು ಇದನ್ನು ಹೇಳಿದ್ದು ಮನಸ್ಸಿನ ಶಕ್ತಿಗಳ ಕುರಿತ ಉಪನ್ಯಾಸದಲ್ಲಿ. ನನಗೆ ಅದರಲ್ಲಿ ಕಾಣುವುದು ಆ ಶಕ್ತಿಯ ಗಡಿ. ಗುಲಾಬಿ ತರಬಲ್ಲವನಿಗೂ ತನ್ನ ಜ್ವರ ಇಳಿಯಲು ಇನ್ನೊಬ್ಬರ ಕೈ ಬೇಕಾಯಿತು. ಹಾಗಾದರೆ ಆ ಮನಸ್ಸೇ ನಾನೇ?

ದೇಹ ನಾನಲ್ಲ ಎಂಬ ಮಾತಿಗೆ ನಮ್ಮಲ್ಲಿ ಬರವಿಲ್ಲ. ಸಾವಿನ ಮನೆಗೆ ಹೋದವರೆಲ್ಲ ಅದನ್ನು ಕೇಳಿರುತ್ತಾರೆ. ಕಷ್ಟ ಇರುವುದು ಮುಂದಿನ ಮೆಟ್ಟಿಲಲ್ಲಿ: ಮನಸ್ಸೂ ನಾನಲ್ಲ. ಇಂದಿನ ಅಧ್ಯಾತ್ಮ ಮನಸ್ಸಿನಲ್ಲಿಯೇ ಕಾಲು ಚಾಚಿ ಕೂತಿದೆ ಎಂಬುದು ನನ್ನ ತಕರಾರು. ಹೈದರಾಬಾದಿನ ಗಚ್ಚಿಬೌಲಿಯ ಕಚೇರಿಗಳಿಂದ ದಣಿದು ಬಂದವರು ಬೆಳಗಿನ ಜಾವ ಕಣ್ಣು ಮುಚ್ಚಿ ಕೂರುತ್ತಾರೆ. ಮನಸ್ಸು ತಿಳಿಯಾಗುತ್ತದೆ, ನಿದ್ದೆ ಹತ್ತುತ್ತದೆ. ಒಳ್ಳೆಯದು, ಅದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಆ ನೆಮ್ಮದಿಯೇ ನನ್ನ ನಿಜಸ್ವರೂಪ ಎಂದರೆ ಒಪ್ಪಲಾರೆ. ಆರು ಗಂಟೆಗೆ ಬಂದ ಶಾಂತಿ ಒಂಬತ್ತಕ್ಕೆ ಟ್ರಾಫಿಕ್ಕಿನಲ್ಲಿ ಕರಗುತ್ತದೆ. ಅದು ಬಂದದ್ದನ್ನೂ ಹೋದದ್ದನ್ನೂ ಅರಿತದ್ದು ಯಾವುದು? ವೇದಾಂತ ಕೇಳುವುದು ಅದನ್ನು.

ಛಾಂದೋಗ್ಯ ಉಪನಿಷತ್ತಿನ ಎಂಟನೆಯ ಅಧ್ಯಾಯದಲ್ಲಿ ದೇವತೆಗಳ ಇಂದ್ರ, ಅಸುರರ ವಿರೋಚನ ಇಬ್ಬರೂ ಆತ್ಮವನ್ನು ತಿಳಿಯಲು ಪ್ರಜಾಪತಿಯ ಬಳಿ ಬರುತ್ತಾರೆ. ಮೂವತ್ತೆರಡು ವರ್ಷ ಕಾದ ಮೇಲೆ, ನೀರಿನ ಬಟ್ಟಲಲ್ಲಿ ಕಂಡ ಬಿಂಬವನ್ನು ನೋಡಿ ವಿರೋಚನ ತೃಪ್ತನಾಗಿ ಮನೆಗೆ ಹೋಗುತ್ತಾನೆ. ಅವನ ಪಾಲಿಗೆ ದೇಹವೇ ಆತ್ಮ. ಇಂದ್ರನೂ ಹೊರಟವನೇ. ಆದರೆ ದಾರಿಯಲ್ಲಿ ಅನುಮಾನ ಬರುತ್ತದೆ: ದೇಹ ಕುರುಡಾದರೆ ಈ ಆತ್ಮವೂ ಕುರುಡಾಗಬೇಕಲ್ಲ? ಹಿಂತಿರುಗುತ್ತಾನೆ. ಕನಸಿನಲ್ಲಿ ಓಡಾಡುವವನೇ ಆತ್ಮ ಎಂದರೆ, ಅವನೂ ಕನಸಿನಲ್ಲಿ ಅಳುತ್ತಾನಲ್ಲ ಎನ್ನುತ್ತಾನೆ. ತನಿನಿದ್ರೆಯಲ್ಲಿ ಶಾಂತವಾಗಿರುವವನು ಎಂದಾಗ ಅವನ ಅನುಮಾನ ಇನ್ನೂ ಹರಿತವಾಗುತ್ತದೆ: ಅಲ್ಲಿ ತಾನಿದ್ದೇನೆ ಎಂಬ ತಿಳಿವೂ ಇಲ್ಲ, ನಾಶವಾದಂತೆಯೇ ಆಯಿತಲ್ಲ? ಹೀಗೆ ಅವನು ಕಳೆದದ್ದು ಒಟ್ಟು ನೂರೊಂದು ವರ್ಷ.

ಪೂರ್ಣ ಶಾಂತಿಯನ್ನು ಕೈಗಿತ್ತಾಗಲೂ ಇದು ಸಾಲದು ಎಂದು ವಾಪಸು ಬಂದ ಶಿಷ್ಯ ಇವನು. ಅವನ ದೊಡ್ಡತನ ಇರುವುದು ಅಲ್ಲಿ.

ಕನ್ನಡದಲ್ಲಿ ಈ ದಾರಿಯನ್ನು ತಿದ್ದಿ ತೋರಿಸಿದವರು ಹೊಳೆನರಸೀಪುರದ ಸಚ್ಚಿದಾನಂದೇಂದ್ರ ಸರಸ್ವತಿಗಳು (1880–1975). ಪೂರ್ವಾಶ್ರಮದ ವೈ. ಸುಬ್ಬರಾಯರಾಗಿ 1920ರಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಕಟ್ಟಿದ ಇವರು ಎಚ್ಚರ, ಕನಸು, ತನಿನಿದ್ರೆ ಮೂರನ್ನೂ ಒಟ್ಟಿಗೆ ಇಟ್ಟು ನೋಡಬೇಕೆಂದು ಜೀವನವಿಡೀ ಬರೆದರು. ಎಚ್ಚರದೊಳಗಿನ ಯಾವುದೋ ಒಂದು ವಿಶೇಷ ಅನುಭವವನ್ನು, ಅದು ಸಮಾಧಿಯೇ ಆಗಲಿ, ಎತ್ತಿ ಹಿಡಿದರೆ ಉಳಿದೆರಡು ಅವಸ್ಥೆಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ. ಧ್ಯಾನದಲ್ಲಿ ಬೆಳಕು ಕಾಣಲಿಲ್ಲ ಎಂದು ಕೊರಗುವ ಸಾಧಕರಿಗೆ ಇದಕ್ಕಿಂತ ದೊಡ್ಡ ಬಿಡುಗಡೆ ಇಲ್ಲ. ಬೆಳಕು ಕಂಡರೂ ಅದು ಕಂಡ ವಸ್ತುವೇ.

ಇಲ್ಲಿ ಒಬ್ಬ ಎದುರಾಳಿಯನ್ನು ಮರೆಯುವಂತಿಲ್ಲ. ಹೈದರಾಬಾದಿನ ದೋಮಲಗುಡದ ರಾಮಕೃಷ್ಣ ಮಠದಿಂದ ಸ್ವಲ್ಪ ನಡೆದರೆ ಹುಸೇನ್ ಸಾಗರ. ಅದರ ನಡುವೆ ಒಂದೇ ಕಲ್ಲಿನ ಬುದ್ಧ. 1990ರಲ್ಲಿ ಸಾಗಿಸುವಾಗ ಮುಳುಗಿ, ಎರಡು ವರ್ಷಕ್ಕೂ ಹೆಚ್ಚು ಕಾಲ ಕೆರೆಯ ತಳದಲ್ಲಿದ್ದು, 1992ರ ಡಿಸೆಂಬರಿನಲ್ಲಿ ಎದ್ದು ನಿಂತ ಮೂರ್ತಿ. ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದನ್ನೂ ಬಿಡಿಸಿ ನೋಡಿ, ಇವುಗಳಲ್ಲಿ ಯಾವುದೂ ಆತ್ಮವಲ್ಲ ಎಂದವನು ಆತ. ಇಲ್ಲಿಯವರೆಗೆ ಉಪನಿಷತ್ತಿಗೂ ಅವನಿಗೂ ಜಗಳವಿಲ್ಲ. ಆಮೇಲೆ ಉಳಿಯುವುದೇನು ಎಂಬಲ್ಲಿ ದಾರಿ ಕವಲೊಡೆಯುತ್ತದೆ. ನಿತ್ಯವಾದ ಆತ್ಮ ಯಾವುದೂ ಉಳಿಯದು ಎಂಬ ಬೌದ್ಧರ ವಾದಕ್ಕೆ ಇಂದು ಅರಿವಳಿಕೆ ಕೊಡುವ ವೈದ್ಯರ ಅನುಭವವೂ ಸೇರಿಕೊಂಡಿದೆ: ಔಷಧ ಚುಚ್ಚಿದರೆ ಆರಿಹೋಗುವ ಅರಿವು ನಿತ್ಯ ಹೇಗಾದೀತು?

ಇದು ಇಂದ್ರನ ಮೂರನೆಯ ಅನುಮಾನವೇ. ಅದ್ವೈತದ ಉತ್ತರ ಹೀಗಿದೆ: ಅಲ್ಲಿ ಇಲ್ಲದ್ದು ಅರಿವು ಅಲ್ಲ, ಅರಿಯಲು ಎರಡನೆಯ ವಸ್ತು. ಆಗ ಏನೂ ತಿಳಿಯಲಿಲ್ಲ ಎಂದು ಹೇಳಬೇಕಾದರೂ ಆ ಇಲ್ಲದಿರುವಿಕೆಯನ್ನು ಬೆಳಗಿದ ಒಂದು ಸಾಕ್ಷಿ ಬೇಕು. ಈ ಉತ್ತರದಿಂದ ಎದುರಾಳಿಯ ಬಾಯಿ ಮುಚ್ಚುವುದಿಲ್ಲ, ಬಲ್ಲೆ. ನನ್ನನ್ನು ಮಾತ್ರ ಅದು ಹಿಡಿದು ನಿಲ್ಲಿಸಿದೆ. ಕಣ್ಣು ತನ್ನನ್ನು ತಾನು ನೋಡಿಕೊಳ್ಳಲಿಲ್ಲ ಎಂಬ ಕಾರಣಕ್ಕೆ ಕಣ್ಣಿಲ್ಲ ಎನ್ನಲು ನನ್ನಿಂದಾಗದು. ಪ್ರಜಾಪತಿ ಕಡೆಗೆ ಹೇಳುವುದೂ ಇದನ್ನೇ: ಕಣ್ಣು ನೋಡುವುದಕ್ಕೊಂದು ಸಾಧನ, ಮನಸ್ಸು ಆತ್ಮದ ದೈವೀ ಕಣ್ಣು.

ಹೀಗೆಂದರೆ ಲೋಕ ಬಿಡಬೇಕೇ? ಬೇಕಿಲ್ಲ. ದೋಮಲಗುಡದ ಮಠವನ್ನು 1973ರಿಂದ ಎರಡು ದಶಕ ನಡೆಸಿದ ಸ್ವಾಮಿ ರಂಗನಾಥಾನಂದರು 1926ರಲ್ಲಿ ಆಶ್ರಮಜೀವನ ಶುರುಮಾಡಿದ್ದು ಮೈಸೂರಿನಲ್ಲಿ, ಅಡುಗೆ ಮಾಡುತ್ತ, ಪಾತ್ರೆ ತೊಳೆಯುತ್ತ. ಮುಂದೆ ಬೆಂಗಳೂರಿನ ಜೈಲಿನ ಕೈದಿಗಳಿಗೂ ಪಾಠ ಹೇಳಿದರು ಈ ಸ್ವಾಮಿಗಳು. ದೇಹ, ಮನಸ್ಸು, ಮಾಡಿದ ಅಪರಾಧ ಇವುಗಳ ಹಿಂದೆ ಎಲ್ಲರಲ್ಲೂ ಒಂದೇ ಸಾಕ್ಷಿ ಇದೆ ಎಂದು ನಂಬಿದವರಿಗೆ ಜೈಲಿನ ಬಾಗಿಲು ಹೊರಗಿನದಾಗುವುದಿಲ್ಲ.

ಛಾಂದೋಗ್ಯದ ಆ ಕಥೆ ಕನ್ನಡದಲ್ಲಿ ಸುಲಭವಾಗಿ ಸಿಗುತ್ತದೆ, ಒಂದು ಸಂಜೆಗೆ ಮುಗಿಯುತ್ತದೆ. ಮಕ್ಕಳ ಜೊತೆ ಕೂತು ಓದಿ. ಇಂದ್ರ ದಾರಿಯಲ್ಲಿ ನಿಂತು ಹಿಂದೆ ತಿರುಗುವ ಕಡೆ ಪುಸ್ತಕ ಮಡಿಸಿ, ಅವರೇನು ಕೇಳುತ್ತಾರೋ ಕೇಳಿಸಿಕೊಳ್ಳಿ.