ತಗ್ಗಿಸಿದ ಟ್ರಕ್ಕು ಮತ್ತು ಬಿಡಿ ಮಾರಾಟದ ಹೊಣೆ

ಅಮೆರಿಕದಲ್ಲಿ 1967ರಿಂದ 1972ರವರೆಗಿನ ಮಾದರಿಗಳಾಗಿ ಬಂದ ಷೆವರ್ಲೆ ಸಿ-10 ಪಿಕಪ್ ಟ್ರಕ್ಕುಗಳಿಗೆ ಇಂದಿಗೂ ಬೇಡಿಕೆಯಿದೆ. ಅದು ಸರಕು ಸಾಗಿಸಲೆಂದಲ್ಲ. ಹಳೆಯ ವಾಹನವನ್ನು ನೆಲಕ್ಕೆ ಹತ್ತಿರವಾಗುವಂತೆ ತಗ್ಗಿಸಿ, ಹೊಸ ಬಣ್ಣ ಹಚ್ಚಿ ಓಡಿಸುವ ಹವ್ಯಾಸಕ್ಕಾಗಿ. ಈ ಹವ್ಯಾಸವನ್ನೇ ನಂಬಿ ಸ್ಪ್ರಿಂಗ್, ಬ್ರಾಕೆಟ್, ಬುಷ್ ತಯಾರಿಸುವ ಉದ್ಯಮವೊಂದು ಅಲ್ಲಿ ಬೆಳೆದಿದೆ. ತಗ್ಗಿಸುವ ಸ್ಪ್ರಿಂಗುಗಳು ಶಾಕ್ ಅಬ್ಸಾರ್ಬರ್ ಸಹಿತ ಸೆಟ್ಟಾಗಿಯೂ ದೊರೆಯುತ್ತವೆ, ಬಿಡಿಯಾಗಿಯೂ ದೊರೆಯುತ್ತವೆ. ಈ ಬಿಡಿ ಮಾರಾಟದ ಬಗ್ಗೆ ನನ್ನ ತಕರಾರು.

ಕಾರಣವನ್ನು ಅಂಕಿಗಳಲ್ಲಿಯೇ ನೋಡಬಹುದು. ಹಿಂಬದಿಯ ಶಾಕ್ ಅಬ್ಸಾರ್ಬರ್ ಪೂರ್ತಿ ಒತ್ತಿದಾಗ 12 ಇಂಚು, ಪೂರ್ತಿ ಎಳೆದಾಗ 20 ಇಂಚು ಇದೆ ಎನ್ನೋಣ. ಮೂಲ ಎತ್ತರದಲ್ಲಿ ವಾಹನ ನಿಂತಾಗ ಅದರ ಉದ್ದ 16 ಇಂಚು. ಎರಡೂ ಕಡೆಗೆ ತಲಾ 4 ಇಂಚು ಚಲನೆ ಉಳಿದಿದೆ. ವಾಹನವನ್ನು 4 ಇಂಚು ತಗ್ಗಿಸಿ, ನೆಟ್ಟಗೆ ನಿಂತಿರುವ ಅದೇ ಶಾಕ್ ಅಬ್ಸಾರ್ಬರನ್ನು ಉಳಿಸಿಕೊಂಡರೆ ಒತ್ತಿಕೊಳ್ಳಲು ಉಳಿಯುವ ಜಾಗ ಸೊನ್ನೆ. ಭಾರ ಹೊರಬೇಕಾದದ್ದು ಸ್ಪ್ರಿಂಗ್, ಅದರ ಕುಣಿತವನ್ನು ಹಿಡಿಯಬೇಕಾದದ್ದು ಶಾಕ್ ಅಬ್ಸಾರ್ಬರ್. ಇಲ್ಲಿ ಎರಡನೆಯದು ಮೊದಲನೆಯದರ ಕೆಲಸಕ್ಕೆ ಬೀಳುತ್ತದೆ. ರಸ್ತೆಯ ಗುಂಡಿಗಳಲ್ಲಿ ಪಿಸ್ಟನ್ ತಳಕ್ಕೆ ಬಡಿದು ವಾಲ್ವ್ ಕೆಡುತ್ತದೆ, ಇಲ್ಲವೇ ಬ್ರಾಕೆಟ್ ಬಿರುಕು ಬಿಡುತ್ತದೆ.

ಪರಿಹಾರ ಎರಡು: ಗಿಡ್ಡನೆಯ ಶಾಕ್ ಅಬ್ಸಾರ್ಬರ್ ಕೂರಿಸುವುದು, ಅಥವಾ ಮೇಲಿನ ಹಿಡಿಕೆಯನ್ನು ಸ್ಥಳಾಂತರಿಸುವುದು. ಎರಡನೆಯದು ಬಿಲ್ಲಿನಲ್ಲಿ ಅಗ್ಗವಾಗಿ ಕಂಡರೂ ಓರೆಯ ಲೆಕ್ಕವನ್ನು ಮರೆಯಬಾರದು. ಲಂಬದಿಂದ 30 ಡಿಗ್ರಿ ವಾಲಿದ ಶಾಕ್ ಅಬ್ಸಾರ್ಬರಿನ ತಡೆ ಸುಮಾರು ಮುಕ್ಕಾಲಿಗೆ, 45 ಡಿಗ್ರಿ ವಾಲಿದರೆ ಅರ್ಧಕ್ಕೆ ಇಳಿಯುತ್ತದೆ. ಯಾವುದನ್ನು ಆರಿಸಿದರೂ ಅಳತೆಯನ್ನು ಚಕ್ರಗಳು ನೆಲದ ಮೇಲಿದ್ದು ವಾಹನ ತನ್ನ ಭಾರದಲ್ಲಿ ಕುಳಿತಾಗಲೇ ತೆಗೆಯಬೇಕು. ಚಾಸಿಗೆ ಜ್ಯಾಕ್ ಕೊಟ್ಟು ಎತ್ತಿದಾಗ ಆಕ್ಸಲ್ ಜೋತುಬಿದ್ದು ಅಳತೆ ಉದ್ದವಾಗಿ ಕಾಣುತ್ತದೆ. ಅದನ್ನು ನಂಬಿ ತರಿಸಿದ ಮಾಲು ಹಿಂದಿರುಗುವುದು ಬಹುತೇಕ ಖಚಿತ. ಶಾಕ್ ಅಬ್ಸಾರ್ಬರ್ ಪೂರ್ತಿ ಮುಚ್ಚಿಕೊಳ್ಳುವ ಮೊದಲೇ ರಬ್ಬರಿನ ತಡೆಗೆ ಆಕ್ಸಲ್ ತಾಗಬೇಕೆಂಬುದೂ ಮುಖ್ಯ.

ಇದು ನಮ್ಮ ರಸ್ತೆಗಳ ಮಾತಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಸ್ಪಷ್ಟಪಡಿಸಿದೆ. ಆದರೆ ಬೆಳಗಾವಿಯ ಫೌಂಡ್ರಿಗಳಿಂದ ಪೀಣ್ಯದ ಮಷಿನ್ ಶಾಪುಗಳವರೆಗೆ ನಮ್ಮ ತಯಾರಕರು ಮತ್ತೊಂದು ಭಾಗದೊಡನೆ ಕೂಡಿ ದುಡಿಯಬೇಕಾದ ಭಾಗಗಳನ್ನೇ ತಯಾರಿಸುತ್ತಾರೆ. "ಪಕ್ಕದ ಭಾಗ ನಮ್ಮದಲ್ಲ" ಎಂಬ ಉತ್ತರ ಇಲ್ಲಿಯೂ ಕೇಳಿಬರುತ್ತದೆ. ಬೇರೆಯವರ ಡ್ರಾಯಿಂಗಿನಂತೆ ಜಾಬ್ ವರ್ಕ್ ಮಾಡುವವರ ಮಟ್ಟಿಗೆ ಅದರಲ್ಲಿ ಹುರುಳಿದೆ. ತನ್ನದೇ ಹೆಸರಿನಲ್ಲಿ ಬಳಕೆದಾರನಿಗೆ ಮಾರುವವನ ಬಾಯಲ್ಲಿ ಅದು ಸಲ್ಲದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೆಯ ಕಲಂ, ಸರಿಯಾದ ಬಳಕೆಯ ಸೂಚನೆ ಅಥವಾ ಎಚ್ಚರಿಕೆ ಸಾಕಷ್ಟಿಲ್ಲದಿರುವುದನ್ನೂ ತಯಾರಕನ ಹೊಣೆಗೆ ಕಾರಣವೆಂದು ಪರಿಗಣಿಸುತ್ತದೆ.

ಲೆಕ್ಕಪರಿಶೋಧಕನಾಗಿ ನನಗೆ ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಹಿಂದಿರುಗಿದ ಮಾಲಿನ ನಿಜವಾದ ವೆಚ್ಚ ಸಣ್ಣ ಉದ್ಯಮಗಳ ಖಾತೆಗಳಲ್ಲಿ ಕಾಣುವುದೇ ಇಲ್ಲ. ಎರಡು ಕಡೆಯ ಲಾರಿ ಬಾಡಿಗೆ ಸಾಗಣೆ ಖಾತೆಗೆ, ಬದಲಿ ಮಾಲು ಉತ್ಪಾದನೆಗೆ, ಸಮಾಧಾನಕ್ಕೆಂದು ಬಿಟ್ಟ ಹಣ ರಿಯಾಯಿತಿಗೆ ಸೇರಿಹೋಗುತ್ತದೆ. ಬಿಡಿ ಮಾರಾಟ ಲಾಭದಾಯಕವೆಂಬ ಭ್ರಮೆ ಹುಟ್ಟುವುದು ಇಲ್ಲಿಯೇ. ಲೆಕ್ಕಪತ್ರ ಮಾನದಂಡ 29ರಂತೆ ವಾರಂಟಿ ಹೊಣೆಗೆ ಮೊತ್ತ ತೆಗೆದಿರಿಸಬೇಕಾದವರು ಅದನ್ನು ಅಂದಾಜಿಸಲಾದರೂ ಹಿಂದಿನ ವರ್ಷಗಳ ಅಂಕಿ ಬೇಕಲ್ಲವೇ? ಇದಕ್ಕಾಗಿ ಪ್ರತ್ಯೇಕ ಖಾತೆಯೊಂದನ್ನು ಈ ಆರ್ಥಿಕ ವರ್ಷದಲ್ಲಿಯೇ ತೆರೆಯಬೇಕು. ದರಪಟ್ಟಿಯಲ್ಲಿ ಸೆಟ್ಟಿನ ಬೆಲೆಯನ್ನು ಮೊದಲು, ಬಿಡಿ ಬೆಲೆಯನ್ನು ನಂತರ ನಮೂದಿಸಬೇಕು. ಬಿಡಿಯನ್ನೇ ಕೇಳುವ ಗ್ರಾಹಕರಿಂದ ಅವರು ಅಳೆದ ಉದ್ದವನ್ನೂ ಅಳೆದ ರೀತಿಯನ್ನೂ ಆರ್ಡರ್ ಫಾರಂನಲ್ಲಿ ಬರೆಸಿ ಸಹಿ ಪಡೆಯುವುದು ಸೂಕ್ತ.