ಚುಕ್ಕೆಯ ಲೆಕ್ಕ, ಕಣ್ಣಿನ ಲೆಕ್ಕ

ಕೊಡಗಿನಲ್ಲಿ ಬೇಸಗೆಯೆಂದರೆ ಹಾಕಿಯ ಕಾಲ. ೧೯೯೭ರಲ್ಲಿ ಪಾಂಡಂಡ ಕುಟ್ಟಪ್ಪನವರ ಮುತುವರ್ಜಿಯಿಂದ ಕರಡದಲ್ಲಿ ಮೊದಲಾದ ಕೊಡವ ಕುಟುಂಬಗಳ ಹಾಕಿ ಉತ್ಸವವು ೨೦೨೪ರಲ್ಲಿ ನಾಪೋಕ್ಲಿನಲ್ಲಿ ನಡೆದಾಗ ೩೬೦ ತಂಡಗಳು ಕಣಕ್ಕಿಳಿದವು. ಇಲ್ಲಿ ತಂಡಕ್ಕೆ ಊರಿನ ಹೆಸರಿಲ್ಲ, ಒಕ್ಕದ ಹೆಸರು. ಆದುದರಿಂದ ಬೆಂಗಳೂರಿನಲ್ಲೋ ಕಡಲಾಚೆಯಲ್ಲೋ ನೆಲಸಿದ ನೆಂಟರಿಗೆ ಇದು ಬರಿಯ ಆಟವಲ್ಲ. ಅಣ್ಣನ ಮಗ ಗೋಲು ಹೊಡೆದುದನ್ನು ಕಣ್ಣಾರೆ ಕಾಣಬೇಕೆಂಬ ಹಂಬಲ.

ಅಂತರಜಾಲದ ಮೂಲಕ ಇಂತಹ ಪಂದ್ಯವನ್ನು ನೋಡಹೊರಟ ಮನೆಯಲ್ಲಿ ಒಂದು ಚರ್ಚೆ ಏಳುವುದು ಸಹಜ. ಮೇಜಿನ ಮೇಲಿರುವ ಕಂಪ್ಯೂಟರ್ ಮಾನಿಟರ್ ಸಾಲದೆ? ಹೆಚ್.ಡಿ. ಟೆಲಿವಿಷನ್ನನ್ನು ಕೊಳ್ಳಲೇಬೇಕೆ? ತಂದೆಗೆ ಹಣದ ಚಿಂತೆ. ಮಗನಿಗೆ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳ ಮೋಹ.

ಪರದೆಯ ಚಿತ್ರವು ಚುಕ್ಕೆಗಳಿಂದಾದುದು. ಭಾರತದ ಹಳೆಯ ಟೆಲಿವಿಷನ್ ಚಿತ್ರದಲ್ಲಿ ಅಡ್ಡಲಾಗಿ ೭೨೦, ಉದ್ದಕ್ಕೆ ೫೭೬, ಒಟ್ಟು ೪,೧೪,೭೨೦ ಚುಕ್ಕೆಗಳು. ಹೆಚ್.ಡಿ.ಯಲ್ಲಿ ಎರಡು ಬಗೆ: ೧೨೮೦ಕ್ಕೆ ೭೨೦ ಒಂದು, ೧೯೨೦ಕ್ಕೆ ೧೦೮೦ ಇನ್ನೊಂದು. ಎರಡನೆಯದರಲ್ಲಿ ಚುಕ್ಕೆಗಳು ಇಪ್ಪತ್ತು ಲಕ್ಷವನ್ನೂ ಮೀರುತ್ತವೆ. ಹಳೆಯ ಸಾಮಾನ್ಯ ಲ್ಯಾಪ್‌ಟಾಪಿನ ೧೩೬೬ಕ್ಕೆ ೭೬೮ರ ಪರದೆ ಇವೆರಡರ ನಡುವಿನದು. ಮೇಜಿನ ಮಾನಿಟರುಗಳಲ್ಲಿ ೧೯೨೦ಕ್ಕೆ ೧೦೮೦ ಇರುವುದು ಬಹು ಸಾಮಾನ್ಯ. ಚುಕ್ಕೆಯ ಲೆಕ್ಕವೊಂದನ್ನೇ ಹಿಡಿದರೆ ಮಾನಿಟರ್ ಟೆಲಿವಿಷನ್ನಿಗೆ ಸೋಲುವಂತಹುದಲ್ಲ.

ಹಾಕಿ ಚೆಂಡಿನ ಅಡ್ಡಳತೆ ಸುಮಾರು ೭ ಸೆಂಟಿಮೀಟರು. ಮೈದಾನದ ಉದ್ದ ೯೧.೪ ಮೀಟರು. ಕ್ಯಾಮರಾ ಅರ್ಧ ಮೈದಾನವನ್ನು ಪರದೆಯ ಅಗಲಕ್ಕೆ ತುಂಬಿದಾಗ, ಹಳೆಯ ಚಿತ್ರದಲ್ಲಿ ಚೆಂಡಿನ ಅಗಲಕ್ಕೆ ದೊರೆಯುವುದು ಒಂದೇ ಒಂದು ಚುಕ್ಕೆ. ೧೨೮೦ರಲ್ಲಿ ಎರಡು, ೧೯೨೦ರಲ್ಲಿ ಮೂರು. ಕಾಣುವುದಕ್ಕೂ ಕಂಡಂತಾಗುವುದಕ್ಕೂ ಇರುವ ಅಂತರ ಇಷ್ಟೇ.

ಆದರೆ ಚೆಂಡು ನಿಂತಲ್ಲಿ ನಿಲ್ಲುವುದಿಲ್ಲವಷ್ಟೆ! ಗಂಟೆಗೆ ೧೦೦ ಕಿಲೋಮೀಟರ್ ವೇಗದ ಹೊಡೆತದಲ್ಲಿ ಅದು ಸೆಕೆಂಡಿನ ೨೫ನೆಯ ಒಂದು ಭಾಗದಲ್ಲಿ ಒಂದು ಮೀಟರಿಗಿಂತ ಹೆಚ್ಚು ಸಾಗುತ್ತದೆ. ಸೆಕೆಂಡಿಗೆ ೨೫ ಚಿತ್ರಗಳಾದರೆ ಚೆಂಡು ಜಿಗಿಜಿಗಿದು ಓಡಿದಂತೆ ತೋರುತ್ತದೆ. ೫೦ ಚಿತ್ರಗಳಾದರೆ ಆ ಜಿಗಿತ ಅರ್ಧಕ್ಕಿಳಿಯುತ್ತದೆ. ನಮ್ಮ ದೇಶದ ಹೆಚ್.ಡಿ. ಪ್ರಸಾರದಲ್ಲಿ ಸಾಮಾನ್ಯವಾಗಿ ಬೆಸ ಗೆರೆಗಳನ್ನೊಮ್ಮೆ, ಸಮ ಗೆರೆಗಳನ್ನೊಮ್ಮೆ, ಹೀಗೆ ಸೆಕೆಂಡಿಗೆ ೫೦ ಅರೆಚಿತ್ರಗಳನ್ನು ಕಳುಹಿಸುವ ಪದ್ಧತಿಯುಂಟು. ಟೆಲಿವಿಷನ್ ಇವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಈ ಹೊಂದಿಕೆ ಸರಿಯಾಗದಿದ್ದರೆ ಓಡುವ ಆಟಗಾರನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳು ಮೂಡುತ್ತವೆ. ಪರದೆಯನ್ನು ದೂರಿ ಫಲವಿಲ್ಲ.

ಇನ್ನು ಕಣ್ಣಿನ ಲೆಕ್ಕ. ಆರೋಗ್ಯವಂತ ಕಣ್ಣು ಒಂದು ಡಿಗ್ರಿಯ ಅರುವತ್ತನೆಯ ಒಂದು ಭಾಗದಷ್ಟು ಸೂಕ್ಷ್ಮವನ್ನು ಗುರುತಿಸಬಲ್ಲುದು. ಇದರಂತೆ ೩೨ ಅಂಗುಲದ ಟೆಲಿವಿಷನ್ನಿನಲ್ಲಿ ೧೦೮೦ ಗೆರೆಗಳ ಪೂರ್ಣ ಪ್ರಯೋಜನ ಪಡೆಯಬೇಕಾದರೆ ಸುಮಾರು ನಾಲ್ಕು ಅಡಿಯೊಳಗೆ ಕುಳಿತಿರಬೇಕು. ೭೨೦ ಗೆರೆಗಳಿಗೆ ಆರು ಅಡಿ. ಒಂಬತ್ತು ಅಡಿ ದೂರದ ಸೋಫಾದಲ್ಲಿ ಕುಳಿತವರಿಗೆ ಎರಡೂ ಒಂದೇ! ಆದರೆ ೨೪ ಅಂಗುಲದ ಮಾನಿಟರಿನ ಮುಂದೆ ಎರಡಡಿಯಲ್ಲಿ ಕುಳಿತವನಿಗೆ ಆ ಗೆರೆಗಳೆಲ್ಲ ದಕ್ಕುತ್ತವೆ. ಅಲ್ಲಿ ಕೊರತೆ ಒಂದೇ: ಅಜ್ಜಿ, ತಾಯಿ, ಮಕ್ಕಳು ಜೊತೆಗೂಡಿ ನೋಡಲಾಗದು.

ಎಲ್ಲಕ್ಕೂ ಮೊದಲು ಮೂಲ. ಅಂತರಜಾಲದ ಹರಿವು ಕ್ಷೀಣವಾದಾಗ ಚಿತ್ರವನ್ನು ಅತಿಯಾಗಿ ಹಿಂಡಿ ಕಳುಹಿಸಬೇಕಾಗುತ್ತದೆ. ಆಗ ಮೈದಾನವೆಲ್ಲ ಕದಡಿದ ಬಣ್ಣದ ಮುದ್ದೆಯಾಗಿ ಚೆಂಡು ಅದರಲ್ಲಿ ಅಡಗಿಹೋಗುತ್ತದೆ. ಹೊಳೆಯಲ್ಲಿ ನೀರಿಲ್ಲದಾಗ ಕಾಲುವೆಯನ್ನು ಅಗಲಿಸಿದಂತೆ, ಇಂತಹ ಚಿತ್ರಕ್ಕೆ ಎಷ್ಟು ದುಬಾರಿಯ ಪರದೆ ತಂದರೂ ವ್ಯರ್ಥ.

ಒಬ್ಬನೇ ನೋಡುವವನಿಗೆ ಮಾನಿಟರ್ ಧಾರಾಳವಾಗಿ ಸಾಕು. ಮನೆಮಂದಿ ಒಟ್ಟಾಗಿ ನೋಡುವುದಾದರೆ ದೊಡ್ಡ ಟೆಲಿವಿಷನ್ ಲೇಸು. ಆದರೆ ಅಂಗಡಿಗೆ ಹೋಗುವ ಮುನ್ನ ಕುರ್ಚಿಯಿಂದ ಗೋಡೆಗಿರುವ ದೂರವನ್ನೊಮ್ಮೆ ಅಳೆದು, ಮನೆಗೆ ಬರುವ ಚಿತ್ರ ಎಂತಹುದೆಂದು ವಿಚಾರಿಸಿಕೊಳ್ಳುವುದು ಜಾಣತನ. ಅಣ್ಣನ ಮಗನ ಗೋಲು ಕಾಣುವುದೂ ಕಾಣದಿರುವುದೂ ಪೆಟ್ಟಿಗೆಯ ಮೇಲಿನ ಅಂಕಿಗಿಂತ ಇವೆರಡನ್ನೇ ಹೆಚ್ಚು ಅವಲಂಬಿಸಿದೆ.