ಮುಖ ಸಾಕು, ಲೆಕ್ಕ ಬರೆಯಿರಿ

ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದ್ದರೆ ಒಮ್ಮೆ ನಿಂತು ಎಣಿಸಿ ನೋಡಿ. ಮೇಲಿನ ಸಾಲಿನಲ್ಲಿ ದೆಹಲಿಯವರು, ಅದರ ಕೆಳಗೆ ಬೆಂಗಳೂರಿನವರು, ನಡುವೆ ಕೈಮುಗಿದು ನಿಂತ ಹುಟ್ಟುಹಬ್ಬದ ಸಾಹೇಬರು, ಅಡಿಯಲ್ಲಿ ‘ಶುಭ ಕೋರುವವರು’ ಎಂದು ಸ್ಟಾಂಪ್ ಸೈಜಿನ ಇಪ್ಪತ್ತು ಮುಖ. ಸಾಹೇಬರು ಊರಿಗೆ ಏನು ಮಾಡಿದರು, ಎಷ್ಟು ಖರ್ಚಾಯಿತು, ಏನು ಬಾಕಿ ಇದೆ? ಅದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಆಮೇಲೆ ಪಂಚಾಯ್ತಿಯ ನೋಟಿಸ್ ಬೋರ್ಡ್ ನೋಡಿ. ಅಲ್ಲಿ ಲೆಕ್ಕ ಅಂಟಿಸಿದ್ದರೂ ಅದು ಎ4 ಹಾಳೆಯಲ್ಲಿ, ಇರುವೆಯಂಥ ಅಕ್ಷರದಲ್ಲಿ, ಕಚೇರಿ ಭಾಷೆಯಲ್ಲಿ ಇರುತ್ತದೆ. ಮುಖಕ್ಕೆ ಇಪ್ಪತ್ತಡಿ, ಲೆಕ್ಕಕ್ಕೆ ಒಂದು ಹಾಳೆ. ನಮ್ಮ ರಾಜಕೀಯ ಎಷ್ಟು ಮುಂದುವರಿದಿದೆ ಎಂದು ತಿಳಿಯಲು ಈ ಎರಡು ಅಳತೆ ಸಾಕು.

ಈ ಫ್ಲೆಕ್ಸ್ ಮಾಡುವವರು ನಮ್ಮ ಊರುಗಳ ಹುಡುಗ ಹುಡುಗಿಯರೇ. ತಾಲ್ಲೂಕಿನ ಡಿಟಿಪಿ ಅಂಗಡಿಯಲ್ಲಿ ಫೋಟೋಶಾಪ್, ಕೋರೆಲ್ ಡ್ರಾ ಕಲಿತವರು, ಮೊಬೈಲಿನಲ್ಲೇ ಪಿಕ್ಸೆಲ್‌ಲ್ಯಾಬ್ ಕಲಿತವರು. ಅವರ ಹೊಟ್ಟೆಪಾಡನ್ನು ನಾವು ಹಳಿಯುವುದಿಲ್ಲ. ಫೋಟೋದ ಹಿನ್ನೆಲೆ ಅಳಿಸು, ಮುಖ ಬೆಳ್ಳಗೆ ಮಾಡು, ಹೆಸರಿಗೆ ಚಿನ್ನದ ಬಣ್ಣ ಹಾಕು, ಇಷ್ಟೇ ಗ್ರಾಫಿಕ್ ಡಿಸೈನ್ ಎಂದು ಕಲಿಸಿ ಕೈತೊಳೆದುಕೊಳ್ಳುವವರ ಮೇಲೆ ನಮ್ಮ ಸಿಟ್ಟು. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲದ ಜೊತೆ ಫ್ಲೆಕ್ಸ್, ಬ್ಯಾನರುಗಳನ್ನೂ ನಿಷೇಧಿಸಿತು. ಆದರೂ ಕಾನೂನು ಮಾಡುವವರ ಮುಖಗಳೇ ಇವತ್ತಿಗೂ ಫ್ಲೆಕ್ಸ್ ಮೇಲೆ ನಗುತ್ತಿವೆ.

ರಾಜಕೀಯಕ್ಕೆ ಚಿತ್ರ ಬರೆಯುವುದು ಅಂದರೆ ಇಷ್ಟೇನಾ? ಅಲ್ಲ ಎಂದು ತೋರಿಸಿದ ದೊಡ್ಡ ಕಲಾವಿದರೊಬ್ಬರು ನಮ್ಮ ದೇಶದಲ್ಲೇ ಇದ್ದರು. ಶಾಂತಿನಿಕೇತನದ ನಂದಲಾಲ್ ಬೋಸ್. 1938ರ ಫೆಬ್ರುವರಿಯಲ್ಲಿ ಗುಜರಾತಿನ ಹರಿಪುರ ಎಂಬ ಹಳ್ಳಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಅಧ್ಯಕ್ಷರು ಸುಭಾಷ್‌ಚಂದ್ರ ಬೋಸ್. ಗಾಂಧೀಜಿಯ ಕೋರಿಕೆಯ ಮೇರೆಗೆ ಅಲ್ಲಿಗೆ ಪೋಸ್ಟರ್ ಬರೆದುಕೊಟ್ಟವರು ನಂದಲಾಲ್ ಮತ್ತು ಅವರ ಸಂಗಡಿಗರು. ಒಟ್ಟು ಸುಮಾರು 400 ಪೋಸ್ಟರ್.

ಅದು ದೇಶದ ದೊಡ್ಡ ದೊಡ್ಡ ನಾಯಕರೆಲ್ಲ ಸೇರಿದ ಜಾತ್ರೆ. ಆದರೆ ಆ ಪೋಸ್ಟರುಗಳಲ್ಲಿ ಇದ್ದವರು ಡೋಲು ಬಾರಿಸುವವನು, ಬಟ್ಟೆ ಹೊಲಿಯುವವನು, ಹತ್ತಿ ಹಿಂಜುವವನು, ಧಾನ್ಯ ಕುಟ್ಟುವ ಹೆಂಗಸರು. ಕೈಯಿಂದ ಮಾಡಿದ ಕಾಗದ, ದಪ್ಪ ಗೆರೆ, ಕೆಲವೇ ಬಣ್ಣ. ಸಭೆಗೆ ಬಂದ ರೈತ ತಲೆ ಎತ್ತಿದರೆ ತನ್ನಂಥವರೇ ಕಾಣುತ್ತಿದ್ದರು. ಈ ದೇಶ ಯಾರದ್ದು ಎಂಬ ಮಾತಿಗೆ ಭಾಷಣಕ್ಕೂ ಮೊದಲೇ ಅಲ್ಲಿ ಉತ್ತರ ಸಿಕ್ಕಿತ್ತು.

‘ಅವರೂ ಗಾಂಧಿಯ ಚಿತ್ರ ಬರೆದಿದ್ದರಲ್ಲ’ ಎಂದು ಕೇಳಬಹುದು. ನಿಜ, 1930ರಲ್ಲಿ ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಲೈನೋ ಹಾಳೆಯಲ್ಲಿ ಕೊರೆದು ಅಚ್ಚು ಹಾಕಿದ್ದರು. ಆ ಚಿತ್ರದ ಗಾಂಧಿ ಕೋಲು ಹಿಡಿದು ನಡೆಯುತ್ತಿದ್ದಾರೆ. ನೋಡಿದವರಿಗೆ ಒಂದು ಕೆಲಸ ಕಾಣುತ್ತದೆ. ನಮ್ಮ ಫ್ಲೆಕ್ಸ್ ಸಾಹೇಬರು ಯಾವ ಕೆಲಸ ಮಾಡುತ್ತಿದ್ದಾರೆ ಹೇಳಿ?

ಇನ್ನೊಂದು ಮಾತು. 1951–52ರ ಮೊದಲ ಲೋಕಸಭಾ ಚುನಾವಣೆಯಲ್ಲಿ ಓದು ಬಾರದವರೇ ಹೆಚ್ಚು. ಅದಕ್ಕೇ ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಪೆಟ್ಟಿಗೆ ಇಟ್ಟು, ಅದರ ಮೇಲೆ ಗುರುತಿನ ಚಿತ್ರ ಅಂಟಿಸಿದರು. ಓಟು ಹಾಕಲು ಚಿತ್ರ ಬೇಕು ಎಂದು ಅಂದೇ ಒಪ್ಪಿಕೊಂಡ ವ್ಯವಸ್ಥೆ, ಓಟು ಹಾಕಿದವರು ಲೆಕ್ಕ ಕೇಳುವಾಗ ಮಾತ್ರ ‘ಹಾಳೆ ಅಂಟಿಸಿದ್ದೇವೆ, ಓದಿಕೊಳ್ಳಿ’ ಅನ್ನುತ್ತದೆ. ಇದು ಯಾವ ನ್ಯಾಯ?

ಲೆಕ್ಕವನ್ನು ಚಿತ್ರದಲ್ಲಿ ಹೇಳುವ ದಾರಿ ಹೊಸದೇನಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1925ರಲ್ಲಿ ಓಟೊ ನ್ಯೂರಾತ್ ಎಂಬ ವಿದ್ವಾಂಸ ಇದಕ್ಕೆಂದೇ ಒಂದು ಮ್ಯೂಸಿಯಂ ತೆರೆದ. ಮನೆ, ಆರೋಗ್ಯ, ದುಡಿಮೆಯ ಅಂಕಿಗಳನ್ನು ಜನಸಾಮಾನ್ಯರಿಗೂ ತಿಳಿಯುವ ಹಾಗೆ ಅಲ್ಲಿ ಚಿತ್ರವಾಗಿ ತೋರಿಸುತ್ತಿದ್ದರು. ಗೆರ್ಡ್ ಆರ್ನ್ಟ್ಸ್ ಎಂಬ ಕಲಾವಿದ ಅದಕ್ಕೆ ಸಾವಿರಾರು ಗುರುತುಗಳನ್ನು ರೂಪಿಸಿದ. ಅವರ ನಿಯಮ ಸರಳ: ಒಂದು ಗುರುತಿಗೆ ಒಂದು ಲೆಕ್ಕ. ಸಂಖ್ಯೆ ಹೆಚ್ಚಾದರೆ ಗುರುತನ್ನು ದೊಡ್ಡದು ಮಾಡಬಾರದು, ಅದೇ ಅಳತೆಯ ಗುರುತುಗಳನ್ನು ಹೆಚ್ಚು ಸಾಲು ಹಾಕಬೇಕು.

ಇದನ್ನು ನಮ್ಮೂರಿಗೆ ತನ್ನಿ. ಊರಲ್ಲಿ ಹತ್ತು ಬೋರ್‌ವೆಲ್ ಇವೆ, ಆರು ಕೆಟ್ಟಿವೆ ಅಂದುಕೊಳ್ಳಿ. ಗೋಡೆ ಮೇಲೆ ಹತ್ತು ನಲ್ಲಿ ಬರೆಯಿರಿ, ನಾಲ್ಕು ನೀಲಿ, ಆರು ಕಪ್ಪು. ರಸ್ತೆಗೆ ಬಂದ ಹಣಕ್ಕೆ ಲಕ್ಷಕ್ಕೊಂದು ನಾಣ್ಯದಂತೆ ಸಾಲು ಹಾಕಿ, ಖರ್ಚಾದಷ್ಟಕ್ಕೆ ಬಣ್ಣ ತುಂಬಿ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ದಾರಿಯಲ್ಲಿ ನಿಂತು ಎಣಿಸುತ್ತಾಳೆ. ಎಣಿಸಿದವಳು ಗ್ರಾಮಸಭೆಗೆ ಬಂದು ಕೇಳುತ್ತಾಳೆ. ಪ್ರಗತಿ ಶುರುವಾಗುವುದು ಅಲ್ಲಿಂದ.

‘ಇದಕ್ಕೆಲ್ಲ ಅವಕಾಶ ಇಲ್ಲ’ ಎಂದು ಯಾರಾದರೂ ಅಂದರೆ 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ತೋರಿಸಿ. ಬಜೆಟ್ ಮತ್ತು ಖರ್ಚಿನ ವಿವರವನ್ನು ಯಾರೂ ಅರ್ಜಿ ಹಾಕದೆಯೇ ಕಚೇರಿಗಳು ತಾವಾಗಿ ಪ್ರಕಟಿಸಬೇಕು. ಜನರಿಗೆ ತಲುಪಿಸುವಾಗ ಸ್ಥಳೀಯ ಭಾಷೆ, ಕಡಿಮೆ ವೆಚ್ಚ, ಆ ಜಾಗದಲ್ಲಿ ಚೆನ್ನಾಗಿ ಮುಟ್ಟುವ ವಿಧಾನ ಇವನ್ನು ಗಮನಿಸಬೇಕು ಎಂದೂ ಅದರಲ್ಲಿದೆ. ಓದು ಬಾರದವರಿರುವ ಊರಲ್ಲಿ ಚಿತ್ರಕ್ಕಿಂತ ಚೆನ್ನಾಗಿ ಮುಟ್ಟುವುದು ಯಾವುದು?

ಡಿಸೈನ್ ಕಲಿಯುತ್ತಿರುವ ತಮ್ಮಂದಿರೇ, ತಂಗಿಯರೇ, ಸಾಫ್ಟ್‌ವೇರ್ ಕೈ ಮಾತ್ರ, ತಲೆ ನಿಮ್ಮದು. ದುಬಾರಿ ಸಾಫ್ಟ್‌ವೇರ್ ಇಲ್ಲ ಎಂದು ಕೂರಬೇಡಿ, ಇಂಕ್‌ಸ್ಕೇಪ್ ಪೂರ್ತಿ ಉಚಿತ. ಕಂಪ್ಯೂಟರೇ ಇಲ್ಲದಿದ್ದರೆ ಸುಣ್ಣ, ಕೆಮ್ಮಣ್ಣು, ಬ್ರಶ್ ಸಾಕು. ಫ್ಲೆಕ್ಸ್ ಬಂದ ಮೇಲೆ ಕೆಲಸ ಕಳೆದುಕೊಂಡ ಪೇಂಟರಣ್ಣ ನಿಮ್ಮೂರಲ್ಲೇ ಇರಬಹುದು. ದೂರದಿಂದ ಓದಿಸುವ ಕನ್ನಡ ಅಕ್ಷರ ಬರೆಯುವುದನ್ನು ಅವರಿಂದ ಕಲಿಯಿರಿ. ಎರಡು ಪ್ರಶ್ನೆ ಕೇಳಲು ಮಾತ್ರ ನೀವೇ ಕಲಿಯಬೇಕು: ಇದನ್ನು ಯಾರು ನೋಡಬೇಕು? ನೋಡಿದವರಿಗೆ ಏನು ಗೊತ್ತಾಗಬೇಕು?

ಪಂಚಾಯ್ತಿ ಸದಸ್ಯರಿಗೆ, ಪಿಡಿಒಗಳಿಗೆ ನಮ್ಮ ಒತ್ತಾಯ ಇಷ್ಟೇ. ಮುಂದಿನ ಗ್ರಾಮಸಭೆಗೆ ಒಂದು ವಾರ ಮೊದಲು ಊರ ನಡುವಿನ ಒಂದು ಗೋಡೆ ಬಿಟ್ಟುಕೊಡಿ. ನೀರು, ರಸ್ತೆ, ಕೂಲಿ, ಈ ಮೂರರ ಲೆಕ್ಕ ಕೊಡಿ. ಬರೆದವರಿಗೆ ಫ್ಲೆಕ್ಸ್ ಅಂಗಡಿಯ ರೇಟಿನಲ್ಲೇ ದುಡ್ಡು ಕೊಡಿ. ಗೋಡೆಯ ಅಡಿಯಲ್ಲಿ ಲೆಕ್ಕ ಕೊಟ್ಟವರ ಹೆಸರು, ಬರೆದವರ ಹೆಸರು, ತಾರೀಕು ಇರಲಿ. ಶುಭ ಕೋರುವವರು ಬೇಡ.